ಲೆಕ್ಕಕ್ಕೆ ಸಿಗದ ಬಸುರಿಯರು

ಆ ವರ್ಷ ಬೇಸಿಗೆಯಿಡೀ ನಾನು ಒಂದು ಲೋಟ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದ ನೆನಪಿಲ್ಲ. ನಮ್ಮ ಮಹಿಳಾ ಒಕ್ಕೂಟಕ್ಕೆ ಸರ್ಕಾರದ ಅನುದಾನ ಬೇಕಿತ್ತು. ಕೊಪ್ಪದಲ್ಲಿ ಆಸ್ಪತ್ರೆಗೆ ಹತ್ತಿರ ಒಂದು ಮನೆ ಹಿಡಿದು, ಕಾಡಂಚಿನ ಊರುಗಳ ಬಸುರಿಯರನ್ನು ದಿನ ತುಂಬುವ ಮೊದಲೇ ಕರೆತಂದು ಇರಿಸಿಕೊಳ್ಳಬೇಕು ಎನ್ನುವುದು ನಮ್ಮ ಯೋಚನೆ. ಮಳೆಗಾಲದಲ್ಲಿ ನೋವು ಶುರುವಾದ ಮೇಲೆ ಜೀಪು ಹುಡುಕುವ ಗತಿ ಯಾರಿಗೂ ಬೇಡ.

ಎಲ್ಲರೆದುರು ಊರಿಗೊಂದು ಉಪಕಾರ ಎಂದು ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ನನ್ನ ತಲೆಯಲ್ಲಿದ್ದವಳು ಒಬ್ಬಳೇ, ನನ್ನ ತಂಗಿಯ ಮಗಳು. ಕೊಪ್ಪ ತಾಲ್ಲೂಕಿನ ಬಸರೀಕಟ್ಟೆಗೆ ಮದುವೆಯಾಗಿ ಹೋದ ಹುಡುಗಿ, ಚೊಚ್ಚಲ ಬಸುರಿ. ಬಿಪಿ ಏರುತ್ತಿತ್ತು. ಆಸ್ಪತ್ರೆಗೆ ಹತ್ತಿರವೇ ಇರಬೇಕು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಅವಳಿಗೆ ದಿನ ತುಂಬುವುದು ಜೋರು ಮಳೆಯಲ್ಲಿ, ಆಗ ಇರುವುದು ಕೆರೆಕಟ್ಟೆಯ ತವರಲ್ಲಿ. ಕೊಪ್ಪದ ನಮ್ಮನೆಗೆ ಕಳಿಸು ಎಂದರೆ ತಂಗಿ ಮಾತು ಮರೆಸುತ್ತಿದ್ದಳು. ಸರ್ಕಾರದ್ದೇ ಒಂದು ವ್ಯವಸ್ಥೆ ಆಗಿ, ಡಾಕ್ಟರೇ ಹೇಳಿ ಕಳಿಸಿದರೆ ಅವಳು ಬೇಡ ಅನ್ನಲಾರಳು ಎಂದು ನಾನು ಹಟ ಹಿಡಿದೆ.

ಶೃಂಗೇರಿಯ ಕಚೇರಿಯಲ್ಲಿ, ಕೆರೆಕಟ್ಟೆ ನಮ್ಮದೇ, ಆದರೆ ಈ ಹುಡುಗಿಯ ಹೆಸರು ನಮ್ಮಲ್ಲಿಲ್ಲ ಎಂದರು. ಕೊಪ್ಪದಲ್ಲಿ, ಹೆಸರು ನಮ್ಮಲ್ಲಿದೆ, ಆದರೆ ಹೆರುವ ಹೊತ್ತಿಗೆ ಹುಡುಗಿ ಇಲ್ಲಿರುವುದಿಲ್ಲವಲ್ಲ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ, ಇಲ್ಲಿ ಕೂಸು ಇನ್ನೂ ಹುಟ್ಟಿಯೇ ಇರಲಿಲ್ಲ. ಕೊನೆಗೆ ನರಸಿಂಹರಾಜಪುರಕ್ಕೆ ಹೋದೆ. ಮೂರು ತಾಲ್ಲೂಕಿಗೂ ಈ ಯೋಜನೆ ನೋಡಿಕೊಳ್ಳುವ ಅಧಿಕಾರಿ ಅಲ್ಲಿ ಕೂರುತ್ತಿದ್ದರು. ಬಯಲುಸೀಮೆ ಕಡೆಯಿಂದ ವರ್ಗವಾಗಿ ಬಂದ ಹೆಂಗಸು. ಕಂಪ್ಯೂಟರ್ ನೋಡಿ ಹೇಳಿದರು:

"ಅಮ್ಮಾ, ನೀವು ಹೇಳೋ ಕಾಡಂಚಿನ ಊರುಗಳಲ್ಲಿ ಬಸುರಿಯರೇ ಇಲ್ವಲ್ಲ. ಇಲ್ಲದವರಿಗೆ ನಾನು ದುಡ್ಡು ಹೇಗೆ ಕೇಳಲಿ?"

"ಹಾಗಾದ್ರೆ ನಮ್ಮ ಹುಡುಗಿ ಹೊಟ್ಟೇಲಿರೋದು ಎಂತ, ಹಲಸಿನಹಣ್ಣಾ?" ಎಂದು ಎದ್ದು ಬಂದೆ.

ಹುಡುಗಿ ಕೆರೆಕಟ್ಟೆಗೆ ಬಂದ ಮೇಲೆ ಪಕ್ಕದ ಮನೆಯವರು ಅವಳನ್ನು ಊಟಕ್ಕೆ ಕರೆದರು. ತವರಿಗೆ ಬಂದ ಬಸುರಿಯನ್ನು ಸುತ್ತಲಿನವರು ಕರೆದು, ಬಯಸಿದ್ದು ಮಾಡಿ ಬಡಿಸುವುದು ನಮ್ಮಲ್ಲಿ ಉಂಟು. ನಾನೂ ಹೋಗಿದ್ದೆ. ಪಾಯಸ ಬಡಿಸುತ್ತಾ ಹೋದವಳು ಪಂಕ್ತಿಯ ನಡುವೆ ನಿಂತುಬಿಟ್ಟೆ. ಸಾಲಿನಲ್ಲಿ ಒಬ್ಬಳಲ್ಲ, ನಾಲ್ಕೈದು ಜನ ತುಂಬು ಬಸುರಿಯರು ಕೂತಿದ್ದರು. ಆ ಕಾಡಂಚಿನ ಊರುಗಳ ಹೆಣ್ಣುಮಕ್ಕಳೇ, ಹೆರಿಗೆಗೆಂದು ತವರಿಗೆ ಬಂದವರು.

"ನಿಮ್ಮದೆಲ್ಲ ತಾಯಿ ಕಾರ್ಡ್ ಎಲ್ಲಿ ಮಾಡಿಸಿದ್ದು?" ಎಂದು ಅವರನ್ನು ಕೇಳಿದೆ.

"ಗಂಡನ ಮನೇಲಿ. ಮತ್ತೆಲ್ಲಿ ಮಾಡಿಸ್ತಾರೆ ಮಾರಾಯ್ತಿ?" ಎಂದು ಮನೆಯಾಕೆ ನಕ್ಕಳು.

ಬಸುರಾದ ಹೊಸದರಲ್ಲಿ ಗಂಡನ ಊರಲ್ಲಿ ಹೆಸರು ಬರೆಸಿ ಸರ್ಕಾರದ ಈ ಕಾರ್ಡ್ ಆಗುತ್ತದೆ. ತಿಂಗಳು ತುಂಬುತ್ತಾ ಬಂದಾಗ ಹುಡುಗಿ ತವರು ಸೇರುತ್ತಾಳೆ. ಹೆಸರು ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ. ನಾವೆಲ್ಲ ಹೀಗೇ ಹೆತ್ತವರು, ನಮ್ಮ ಮಕ್ಕಳೂ ಹೀಗೇ ಹೆರುವವರು. ಆದರೂ ಅರ್ಜಿಯಲ್ಲಿ ತವರಿನ ಊರುಗಳನ್ನಷ್ಟೇ ಬರೆದು, ಕಾರ್ಡ್ ಬೇರೆ ಊರಲ್ಲಿರುತ್ತದೆ ಎಂದು ಬರೆದಿರಲಿಲ್ಲ. ಅಂಗೈ ಹುಣ್ಣಿಗೆ ನಮಗೆ ಕನ್ನಡಿ ಬೇಕಾಯಿತು.

ಮಾರನೆಯ ದಿನವೇ ಅಧಿಕಾರಿಗೆ ಹೋಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಅರ್ಜಿ ತಿದ್ದಿಸಿದರು, ಒಪ್ಪಿಗೆ ಸಿಗುತ್ತದೆ ಎಂದರು. ಆದರೆ ಹಣ ಬರುವುದು ಮಳೆಗಾಲ ಕಳೆದ ಮೇಲೆ. ಹೊರಗೆ ಬಂದಾಗ ಮೊದಲ ಮಳೆ ಹನಿಯುತ್ತಿತ್ತು. ಕೊಪ್ಪದಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಜೀಪು ಮಾಡಿಕೊಂಡು ನೇರ ಕೆರೆಕಟ್ಟೆಗೆ ಹೊರಟೆ.

"ಹುಡುಗಿ ಬಟ್ಟೆ ಕಟ್ಟು, ಕರ್ಕೊಂಡು ಹೋಗ್ತೇನೆ" ಎಂದು ತಂಗಿಗೆ ಹೇಳಿದೆ.

"ಅದು ಹೇಗಾಗ್ತದೆ ಅಕ್ಕ? ಮಗಳನ್ನ ಬೇರೆ ಮನೇಲಿ ಹೆರೋದಕ್ಕೆ ಬಿಟ್ಲು ಅಂತ ಬೀಗರು ಹೇಳೋದಿಲ್ವಾ?"

"ಬೀಗರ ಬಾಯಿ ದೊಡ್ಡದಾ, ಮಗಳ ಜೀವ ದೊಡ್ಡದಾ?"

ತಂಗಿ ಒಳಗೆ ಹೋಗಿಬಿಟ್ಟಳು. ನಾನೂ ಹಿಂದೆಯೇ ಹೋದೆ. ಒಲೆಯ ಮುಂದೆ ನಿಂತು ಅಳುತ್ತಿದ್ದಳು. "ಬೀಗರು ಹಾಳಾಗ್ಲಿ. ಅವಳಿಗೆ ನೋವು ಬಂದಾಗ ನಾನು ಇಲ್ಲಿ ಕೂತು ಎಂತ ಮಾಡ್ಲಿ ಅಕ್ಕ? ನೀವೆಲ್ಲ ಬಸುರಿಗೆ ಜಾಗ ಮಾಡಿದ್ರಿ. ನನಗೆ ಎಲ್ಲಿ ಜಾಗ?"

ಬಾಡಿಗೆ, ಅಡುಗೆಯವಳು, ಬಿಸಿನೀರು, ಎಲ್ಲ ಯೋಚಿಸಿದ್ದೆವು. ಅಮ್ಮ ಎಲ್ಲಿ ಮಲಗುತ್ತಾಳೆ ಎಂದು ಒಕ್ಕೂಟದ ಒಬ್ಬಳಾದರೂ ಕೇಳಿರಲಿಲ್ಲ. ನಾವೆಲ್ಲ ಅಮ್ಮಂದಿರೇ.

"ನೀನೂ ಹೊರಡು" ಎಂದೆ. "ನೀ ಇದ್ದಲ್ಲೇ ಅವಳಿಗೆ ತವರು."

ಅವಳು ಹೊರಟಳು. ಎಣ್ಣೆ, ಹಳೇ ಬಟ್ಟೆ, ಕಾಳುಮೆಣಸು, ಅರ್ಧ ಅಡುಗೆಮನೆಯನ್ನೇ ಜೀಪಿಗೆ ಹೇರಿಕೊಂಡು ಬಂದಳು. ನಮ್ಮನೆಗೆ ಬಂದ ಮೇಲೂ ನನಗೆ ನೆಮ್ಮದಿ ಇರಲಿಲ್ಲ. ಹುಡುಗಿ ಕೆಮ್ಮಿದರೆ ಎದ್ದು ನೋಡುತ್ತಿದ್ದೆ. ಒಂದು ಬೆಳಿಗ್ಗೆ ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ ಎಂದಳು. ಆಸ್ಪತ್ರೆ ಹತ್ತಿರವಿತ್ತು. ಡಾಕ್ಟರು ತಡಮಾಡದೆ ಆಪರೇಷನ್ ಮಾಡಿದರು. ಬಾಗಿಲ ಹೊರಗೆ ತಂಗಿ ನನ್ನ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದಳು. ಹೆಣ್ಣುಮಗು. ಇಬ್ಬರೂ ಉಳಿದರು. ಆ ದಿನ ಕೆರೆಕಟ್ಟೆಯ ದಾರಿಗೆ ಮರ ಬಿದ್ದು ಬಸ್ಸು ನಿಂತಿತ್ತು.

ಮಗುವಿಗೆ ನೀರು ಹಾಕಿಸಿ ಮಲಗಿಸುವುದು ರೂಢಿಯಾದ ಮೇಲೆ ನಾನು ಮತ್ತೆ ನರಸಿಂಹರಾಜಪುರಕ್ಕೆ ಹೋದೆ. ಬಸುರಿಗೊಂದು ಮಂಚ ಇದ್ದರೆ ಸಾಲದು, ಅವಳ ಅಮ್ಮನಿಗೂ ಒಂದು ಬೇಕು, ಇಲ್ಲದಿದ್ದರೆ ಆ ಮನೆಗೆ ಯಾರೂ ಬರುವುದಿಲ್ಲ ಎಂದೆ.

"ಜೊತೆಗಿರೋರಿಗೆ ಅನುದಾನ ಇಲ್ಲಮ್ಮ. ನಿಯಮದಲ್ಲೇ ಇಲ್ಲ."

"ನಿಯಮ ಇರ್ಲಿ. ನಿಮ್ಮ ಹೆರಿಗೇಲಿ ಜೊತೆಗೆ ಯಾರಿದ್ರು?"

ಅಮ್ಮ ಎನ್ನುತ್ತಾರೆ, ಆಗ ಹಿಡಿದುಬಿಡುತ್ತೇನೆ ಎಂದು ಕಾದಿದ್ದೆ.

"ಯಾರೂ ಇರ್ಲಿಲ್ಲ" ಎಂದರು. ಆಮೇಲೆ ನನ್ನ ಅರ್ಜಿಯನ್ನು ಹತ್ತಿರಕ್ಕೆಳೆದುಕೊಂಡು, ಎರಡು ಮಂಚ ಎಂದು ತಮ್ಮ ಕೈಯಲ್ಲೇ ಬರೆದರು.