ಕುಷ್ಟಗಿಯ ಕಣ, ನಮ್ಮ ಚೆಂಡು

ಗೆಳೆಯರೇ, ಐದೈದು ಮಂದಿಯ ಫುಟ್‌ಬಾಲ್ ಬೆಳೆಸಲು ಕೊಪ್ಪಳದ ಆಟದ ಕಮಿಟಿ ಇವತ್ತು ಕುಷ್ಟಗಿಯ ಸಂಘದೊಂದಿಗೆ ಕೈಜೋಡಿಸಿತು. ನನಗೆ ಹೊಟ್ಟೆ ಉರಿಯುತ್ತಿದೆ. ನಮ್ಮ ಯಲಬುರ್ಗಾ ಸಂಘಕ್ಕೆ ಅಷ್ಟಗಲ ಮೈದಾನವಿದೆ. ಅವರಿಗಿರುವುದು ಜೋಳ ತುಳಿಸುವ ಕಣ. ಅಲ್ಲಿ ಬೂಟು ಹಾಕಿ ಕಾಲಿಡುವಂತೆಯೂ ಇಲ್ಲ.

“ಸಣ್ಣ ಆಟಕ್ಕ ಕಣಾನ ಛಲೋರಿ. ಸಗಣಿ ಸಾರಿಸ್ಯಾರ, ಬರಿಗಾಲಿಗೆ ಒಂದ್ ಮುಳ್ಳೂ ಚುಚ್ಚಂಗಿಲ್ಲ,” ಎಂದರು ಕಮಿಟಿಯ ಕಾರ್ಯದರ್ಶಿ. “ನಿಮ್ಮ ಚೆಂಡು ಕೊಡ್ರಿ. ರಬ್ಬರೆಲ್ಲಾ ಲಡಾಯಿಗೆ ಹೊಂಟೈತಿ, ಅದು ಮುಗಿಯೂತನಕ ಹೊಸಾದು ಸಿಗಂಗಿಲ್ಲ.”

“ಹಂಗಾದ್ರ ನಾವೂ ಪಾಲುದಾರರೇನ್ರಿ?” ಎಂದೆ.

“ಬರೇ ಚೆಂಡು ಸಾಕ್ರಿ.”

ಕೊಟ್ಟೆ. ಅದು ಅರ್ಧ ಆಟಕ್ಕೇ ಗಾಳಿ ಬಿಡುವ ಚೆಂಡು. ಪಂಪು ನನ್ನ ಮನೆಯಲ್ಲಿದೆ. ಅದನ್ನು ಅವರು ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.