ಅಂಗೈ ಅಗಲದ ಕೌದಿಗಳು

ಸುಮ್ಮನೆ ಕೂಡುವುದು ನನ್ನಿಂದ ಆಗುವುದಿಲ್ಲ. ನಮ್ಮ ಮನೆಯವರು ತೀರಿಕೊಂಡ ಮೇಲಂತೂ ಇದು ವಿಪರೀತಕ್ಕೆ ಹೋಗಿದೆ. ಕೈ ಖಾಲಿಯಾಯಿತೆಂದರೆ ತಲೆ ಓಡಲು ಶುರು ಮಾಡುತ್ತದೆ. ಓಡಿ ಓಡಿ ಕಡೆಗೆ ಅವರು ಮಲಗಿದ್ದ ಆಸ್ಪತ್ರೆಯ ಮಂಚದ ಹತ್ತಿರವೇ ಹೋಗಿ ನಿಲ್ಲುತ್ತದೆ. ಅದಕ್ಕೇ ನಾನು ಕೌದಿ ಹೊಲಿಯುತ್ತೇನೆ. ದೊಡ್ಡದಲ್ಲ, ಅಂಗೈ ಅಗಲದ್ದು. ಬಟ್ಟೆಯ ಚೂರುಗಳನ್ನು ಜೋಡಿಸಿ, ಒಳಗೆ ಹಳೇ ಸೀರೆಯ ಪದರು ಇಟ್ಟು, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಟಾಕಿ, ಅಂದರೆ ಸಣ್ಣ ಸಣ್ಣ ಹೊಲಿಗೆ, ಹಾಕುತ್ತ ಬರುತ್ತೇನೆ. ದೊಡ್ಡ ಕೌದಿಯ ಎಲ್ಲ ಶಾಸ್ತ್ರವೂ ಇದಕ್ಕುಂಟು, ಹೊದೆಯಲು ಮಾತ್ರ ಬರುವುದಿಲ್ಲ.

ನನ್ನ ಮನೆ ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ನೌಕರಿ ತಿಕೋಟಾದ ಒಂದು ಕಚೇರಿಯಲ್ಲಿ. ದಿನಾ ಬಸ್ಸು. ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ ಎಂದಾದಾಗಿನಿಂದ ಸೀಟೂ ಇಲ್ಲ. ಹೀಗಾಗಿ ನನ್ನ ಹೊಲಿಗೆಗೆ ಪಕ್ಕಾ ತಯಾರಿ ಬೇಕು. ರವಿವಾರ ದರ್ಜಿಗಳ ಅಂಗಡಿಯಿಂದ ಚೂರು ತಂದು ಕತ್ತರಿಸಿ, ಒಂದೊಂದು ಕೌದಿಗೆ ಒಂದೊಂದು ಗಂಟು ಕಟ್ಟಿಡುತ್ತೇನೆ. ಓಡುವ ಬಸ್ಸಿನಲ್ಲಿ ಸೂಜಿಗೆ ದಾರ ಪೋಣಿಸುವುದು ದೇವರಿಂದಲೂ ಆಗದು. ಅದಕ್ಕೆ ಮನೆಯಲ್ಲೇ ಪೋಣಿಸಿ, ಸೂಜಿಗಳನ್ನು ಸಾಬೂನಿನ ತುಂಡಿಗೆ ಚುಚ್ಚಿ, ಎಲ್ಲವನ್ನೂ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿಕೊಳ್ಳುತ್ತೇನೆ. ಸೀಟು ಸಿಕ್ಕರೆ ನೇರ ಸಾಲು ಹೊಲಿಯುವುದು. ನಿಂತೇ ಹೋಗಬೇಕಾದರೆ ಯಾವ ಬಣ್ಣದ ಪಕ್ಕಕ್ಕೆ ಯಾವುದೆಂದು ಲೆಕ್ಕ ಹಾಕುವುದು. ಮೂಲೆ ಮಡಚುವ ನಾಜೂಕಿನ ಕೆಲಸವನ್ನು ಬ್ಯಾಂಕಿನಲ್ಲಿ ಪಾಳಿ ಹಚ್ಚಿ ಕಾಯುವ ಹೊತ್ತಿಗೆಂದು ಉಳಿಸಿಟ್ಟಿರುತ್ತೇನೆ. ಪಾಳಿ ಬೇಗ ಬಂದುಬಿಟ್ಟರೆ ನನಗೆ ಸಿಟ್ಟೇ ಬರುತ್ತದೆ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಇದೇನು, ಗೊಂಬೆಗೋ ಎಂದು ಕೇಳುತ್ತಾರೆ. ಹೌದೆನ್ನುತ್ತೇನೆ. ಮೊಮ್ಮಗಳಿಗೋ ಎನ್ನುತ್ತಾರೆ. ಅದಕ್ಕೂ ಹೌದು. ನನಗೆ ಮೊಮ್ಮಗಳಿಲ್ಲ, ಆದರೆ ಇಲ್ಲವೆಂದರೆ ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂಬಲ್ಲಿಗೆ ಮಾತು ಬರುತ್ತದೆ. ಮುಗಿದವನ್ನು ಟ್ರಂಕಿನೊಳಗೆ ಎಸೆಯುತ್ತೇನೆ. ಒಂದು ಮುಗಿದ ಕ್ಷಣಕ್ಕೇ ಇನ್ನೊಂದು ಶುರುವಾಗಿರಬೇಕು, ನಡುವೆ ಬಿಡುವು ಇರಕೂಡದು.

ನನ್ನ ಅವ್ವ ಬಬಲೇಶ್ವರದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ನನ್ನ ಪುಟ್ಟ ಕೌದಿಗಳನ್ನು ಮೊದಲ ಸಲ ನೋಡಿದಾಗ, ಇದನ್ನು ಹೊದ್ದುಕೊಂಡು ಮಲಗುವವರು ಯಾರು, ಇಲಿಯೋ ಎಂದು ನಕ್ಕಿದ್ದಳು. ನಮ್ಮ ಮನೆಯವರ ಬಟ್ಟೆಗಳನ್ನು ಏನು ಮಾಡಬೇಕೆಂದು ತಿಳಿಯದೆ, ಯಾರಿಗಾದರೂ ಕೊಟ್ಟುಬಿಡು ಎಂದು ಗಂಟು ಕಟ್ಟಿ ಅವಳ ಹತ್ತಿರ ಬಿಟ್ಟು ಬಂದಿದ್ದೆ. ಅವಳು ಕೊಡಲಿಲ್ಲ. ಅಂಗಿ, ಪಾಯಜಾಮ, ಧೋತರ ಎಲ್ಲವನ್ನೂ ಸ್ವಚ್ಛ ಒಗೆದು, ಹರಿದು ತುಂಡು ಮಾಡಿ, ನನಗೆಂದು ಒಂದು ದೊಡ್ಡ ಕೌದಿ ಹೂಡಿದಳು.

ದೊಡ್ಡ ಕೌದಿಯನ್ನು ನಮ್ಮಲ್ಲಿ ಇಬ್ಬರು ಎದುರುಬದುರು ಕೂತು ಹೊಲಿಯುತ್ತಾರೆ. ತಮ್ಮನ ಹೆಂಡತಿ ಕೈಹಚ್ಚಲು ಹೋದರೆ ಅವ್ವ ಬೇಡವೆಂದಳಂತೆ. ಎದುರಿಗೆ ನಾನೇ ಕೂಡಬೇಕಂತೆ. ಅವಳು ನನ್ನನ್ನು ಕೇಳಿದ್ದು ಅಷ್ಟೇ, ನನ್ನಿಂದ ಆಗದೇ ಹೋದದ್ದೂ ಅಷ್ಟೇ. ಪ್ರತಿ ಸಲ ಹೋಗುತ್ತಿದ್ದೆ, ಚಹಾ ಮಾಡುತ್ತಿದ್ದೆ, ಮಾಳಿಗೆಯ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ ಹೊರಳಿಸುತ್ತಿದ್ದೆ, ನೆರೆಮನೆಯವರನ್ನು ಮಾತಾಡಿಸಿ ಬರುತ್ತಿದ್ದೆ. ಬಸ್ಸಿನ ಹೊತ್ತಾಯಿತೆಂದು ಎದ್ದುಬಿಡುತ್ತಿದ್ದೆ. ಅವಳ ಕಡೆಯ ಅರ್ಧ ಹೊಲಿಗೆ ತುಂಬಿ ಬಿಗಿಯಾಗುತ್ತ ಬಂತು. ನನ್ನ ಕಡೆಯ ಅರ್ಧ ಬರೀ ಹರಡಿದ ಬಟ್ಟೆಯಾಗಿಯೇ ಉಳಿಯಿತು.

ಯುಗಾದಿಗೆ ಮುಂಚಿನ ಒಂದು ರವಿವಾರ ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಕೌದಿ ಹಾಸಿದಳು. ನಾನು ಅದರ ಅಂಚಿಗೆ ಓರೆಯಾಗಿ, ಯಾವಾಗ ಬೇಕಾದರೂ ಏಳುವವಳ ಹಾಗೆ ಕೂತು, ನನ್ನ ಅಂಗೈಯಗಲದ್ದನ್ನೇ ಹೊಲಿಯತೊಡಗಿದೆ. ನನ್ನ ಮೊಣಕಾಲಿನ ಪಕ್ಕಕ್ಕೇ ಅವರ ನೀಲಿ ಚೌಕಡಿ ಅಂಗಿಯ ತುಂಡಿತ್ತು. ಅವ್ವ ಅದರ ಕಿಸೆಯನ್ನು ಬಿಚ್ಚಿರಲಿಲ್ಲ. ಪೆನ್ನು ಸೋರಿ ಆಗಿದ್ದ ಮಸಿಯ ಕಲೆ ಹಾಗೇ ಇತ್ತು. ನಾನು ಆ ಕಡೆ ನೋಡಲಿಲ್ಲ, ಗಡಿಯಾರ ನೋಡಿದೆ. ಅವ್ವ ತಮ್ಮನ ದ್ರಾಕ್ಷಿ ತೋಟದ ಸುದ್ದಿ ಹೇಳುತ್ತ, ಟಾಕಿ ಹಾಕುತ್ತ ನನ್ನ ಕಡೆಗೇ ಸರಿದು ಬಂದಳು. ಅವಳ ತಲೆ ನನ್ನ ಮೊಣಕಾಲಿಗೆ ತಾಗುವಷ್ಟು ಬಾಗಿತ್ತು.

ಅಷ್ಟರಲ್ಲಿ ಕಾಖಂಡಕಿ ಕಡೆಯಿಂದ ಬರುವ ವಿಜಯಪುರದ ಬಸ್ಸಿನ ಹಾರ್ನ್ ಕೇಳಿಸಿತು. ಗಡಬಡಿಸಿ ಎದ್ದೆ. ನನ್ನ ಜೊತೆಗೆ ಕೌದಿಯೂ ಎದ್ದಿತು. ನನ್ನ ಸೆರಗಿನ ತುದಿಯನ್ನು ಅವ್ವ ಕೌದಿಗೆ ಸೇರಿಸಿ ಹೊಲಿದುಬಿಟ್ಟಿದ್ದಳು.

ನನಗೆ ಮೊದಲು ಬಂದದ್ದು ಸಿಟ್ಟು. ನಿನ್ನ ಒಂದು ಕಣ್ಣಿಗೆ ಪೊರೆ ಬಂದಿದೆ, ಕಾಣುವುದಿಲ್ಲವೆಂದರೆ ಯಾಕೆ ಹೊಲಿಯಬೇಕು, ಇನ್ನು ಬಸ್ಸು ತಪ್ಪುತ್ತದೆ ಎಂದು ರೇಗಿದೆ. ಬಿಚ್ಚಲು ಬಗ್ಗಿದಾಗ ಟಾಕಿಗಳು ಕಂಡವು. ಸಣ್ಣವು, ನೇರವಾದವು, ಜೋಡಿ ಎಳೆಯವು, ಎರಡೂ ಕೊನೆಗೆ ಗಂಟು ಹಾಕಿದವು. ಸರಿಯಾಗಿ ಆ ಅಂಗಿಯ ಪಕ್ಕಕ್ಕೇ ಹಾಕಿದವು. ಕಾಣದೆ ಹಾಕಿದ ಟಾಕಿಗಳಲ್ಲ ಅವು.

ಅವ್ವ ತಲೆ ಎತ್ತಲಿಲ್ಲ, ಸೂಜಿಯನ್ನೂ ನಿಲ್ಲಿಸಲಿಲ್ಲ.

"ಬಿಚ್ಚಕೊಂಡು ಹೋಗೂದಿದ್ರ ಹೋಗು ಮಗಳ," ಅಂದಳು. "ನಿಮ್ಮಪ್ಪ ಹೋದಾಗ ನಾನೂ ಹಿಂಗ ಓಡ್ಯಾಡೀನಿ. ಓಣ್ಯಾಗ ಒಂದು ಮನಿ ಬಿಟ್ಟಿರಲಿಲ್ಲ. ನನ್ನ ಹಿಡದು ಕುಂದರಸವ್ರು ಯಾರೂ ಇರಲಿಲ್ಲ."

ಬಸ್ಸು ಇನ್ನೆರಡು ಸಲ ಕೂಗಿ ಹೋಯಿತು. ನಾನು ಕೂತೆ. ಈ ಸಲ ಓರೆಯಾಗಿ ಅಲ್ಲ, ಕಾಲು ಮಡಚಿ, ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು. ಅವ್ವ ದಾರ ಪೋಣಿಸಿದ ಸೂಜಿ ಕೊಟ್ಟಳು. ನೀಲಿ ಅಂಗಿಯಿಂದಲೇ ಶುರು ಮಾಡಿದೆ. ಕಿಸೆಯ ಹತ್ತಿರ ಬಂದಾಗ ಕೈ ನಿಂತಿತು. ಇದರ ಬಾಯಿ ಹೊಲಿದು ಮುಚ್ಚಲೋ, ಹಾಗೇ ಬಿಡಲೋ ಎಂದು ಕೇಳಿದೆ.

"ನಿನ್ನ ಗಂಡನ ಕಿಸೆ," ಅಂದಳು ಅವ್ವ. "ನೀನ ಹೇಳಬೇಕು."

ಹಾಗೇ ಇರಲಿ ಎನ್ನಲು ಬಾಯಿ ತೆರೆದೆ. ಮಾತಿನ ಬದಲು ಅಳು ಬಂತು. ಅವರು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ.