ನಲವತ್ತೆರಡನೆಯ ಸೆಲ್

ಯಾವ ಬ್ಯಾಟರಿ ಕೈಗೆ ಬಂದರೂ ಜವರಣ್ಣ ಮೊದಲು ಅದನ್ನು ಮೂಗಿನ ಬಳಿ ಹಿಡಿಯುತ್ತಿದ್ದರು, ಮಾವಿನಹಣ್ಣು ಕೊಳ್ಳುವವರ ಹಾಗೆ. ಸಿಹಿ ವಾಸನೆ ಬಂದರೆ ಒಳಗೆ ಸೋರಿದೆ ಎಂದರ್ಥ. “ಇವ್ನು ಕೆಟ್ಟೋಗವ್ನೆ” ಎಂದು ಮರಳಿನ ಬಾಂಡ್ಲಿಗೆ ಹಾಕುತ್ತಿದ್ದರು.

ಹುಣಸೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಬಾಡಿಗೆಗೆ, ಅವರ ರೇಡಿಯೊ ರಿಪೇರಿ ಅಂಗಡಿ; ವಾಸವೂ ಅಲ್ಲೇ. ಪೋಲಿಯೊದಿಂದ ಎರಡು ಕಾಲೂ ಸೋತಿದ್ದವು. ಕೈಯಲ್ಲಿ ತಿರುಗಿಸುವ ಮೂರು ಗಾಲಿ ಸೈಕಲ್ಲಿತ್ತು. ಭುಜ ನೋವು ಬಂದ ಮೇಲೆ ಅದೂ ಮೂಲೆ ಸೇರಿತು. ಎಲ್ಲಿಗೆ ಹೋಗಬೇಕಾದರೂ ಇಬ್ಬರು ಎತ್ತಿ ಆಟೊದಲ್ಲಿ ಕೂರಿಸಬೇಕು. “ರಾಗಿ ಮೂಟೆಗಾದ್ರೆ ನಾಚ್ಕೆ ಇರಾಕಿಲ್ಲ ಅಕ್ಕಾವ್ರೆ, ನಂಗೈತೆ” ಎನ್ನುತ್ತಿದ್ದರು. ಒಂದು ವರ್ಷ ಅವರು ಹೊಸಿಲು ದಾಟಲಿಲ್ಲ. ನಾನೂ ಅತ್ತೆಯವರ ಅಪ್ಪಣೆಯಿಲ್ಲದೆ ಗೇಟು ದಾಟುವವಳಲ್ಲ. ನಡುವೆ ಒಂದು ಕಿಟಕಿ. ಕಾಫಿ ಲೋಟ ಅದರಲ್ಲೇ ಹೋಗಿ ಬರುತ್ತಿತ್ತು.

ಸೈಕಲ್ಲಿಗೆ ಮೋಟಾರು ಕೂರಿಸಿ, ಹೊಳೆಯ ಸೇತುವೆಯಾಚೆ ಅಂಗಡಿ ಇಡಬೇಕೆಂಬುದು ಅವರ ಹಟ. ಮೈಸೂರಿನಿಂದ ಕೆಟ್ಟ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ತರಿಸಿ, ಬಿಚ್ಚಿ, ಬೆರಳುದ್ದದ ಲಿಥಿಯಂ ಸೆಲ್‌ಗಳನ್ನು ತೆಗೆಯುತ್ತಿದ್ದರು. ನಲವತ್ತೆರಡು ಬೇಕಿತ್ತು, ಆರಾರರ ಏಳು ಸಾಲು. ಒಂದೊಂದಕ್ಕೂ ಪೂರ್ತಿ ಚಾರ್ಜು ತುಂಬಿಸಿ, ಅದರಿಂದ ಬಲ್ಬು ಉರಿಸಿ, ಎಷ್ಟು ಹೊತ್ತು ತಡೆಯಿತೆಂದು ಅದರ ಮೈಮೇಲೇ ಬರೆಯುತ್ತಿದ್ದರು. ಏಳೂ ಸಾಲಿನ ಶಕ್ತಿ ಸಮ ಇರಬೇಕು.

“ಏಳ್ ಜನ ಕೈಕೈ ಇಡ್ಕಂಡು ಒಳೆ ದಾಟ್ದಂಗೆ ಕಣ್ರಕ್ಕಾ. ಒಬ್ಬ ಸೋತ್ರೆ ಎಲ್ರೂ ನಿಂತ್ಕಬೇಕು.”

ಆಮೇಲೆ ಕಡೆಯ ಪರೀಕ್ಷೆ: ಮತ್ತೆ ತುಂಬಿಸಿ ಹದಿನೈದು ದಿನ ಸುಮ್ಮನೆ ಇಡುವುದು. ಕೆಲಸ ಮಾಡದೆಯೂ ಇಳಿಯುವ ಸೆಲ್ ಅವರಿಗೆ ಬೇಡ. ಶೀಟಿನ ಸೂರಿನ ಆ ಕೋಣೆಯಲ್ಲಿ ವಿಪರೀತ ಸೆಕೆ. ಹಾಗಾಗಿ ಅವು ಮೊಟ್ಟೆ ಟ್ರೇಗಳಲ್ಲಿ ನಮ್ಮ ನಡುಮನೆಯ ಗೂಡಿಗೆ ಬಂದವು.

“ನಮ್ಮನೇಲಿ ಮೊಟ್ಟೆ ಟ್ರೇನಾ!” ಎಂದರು ಅತ್ತೆ.

“ಮೊಟ್ಟೆ ಇಲ್ವಲ್ಲ ಅತ್ತೆ” ಎಂದೆ.

ಹದಿನೈದನೆಯ ದಿನ ಮೀಟರು ಹಿಡಿದು ಅಳೆದು, ಚೀಟಿಯಲ್ಲಿ ಬರೆಯುವ ಕೆಲಸ ನನ್ನದು. ನಲವತ್ತೊಂದು ಸೆಲ್‌ಗಳು 4.16, 4.17 ವೋಲ್ಟಿನಲ್ಲಿ ನಿಂತಿದ್ದವು. ಕೊನೆಯದು 3.9ಕ್ಕೆ ಇಳಿದಿತ್ತು. ಕಿಟಕಿಯಾಚೆ ಜವರಣ್ಣ ಸೈಕಲ್ಲಿನ ಸೀಟಿಗೆ ಹಸಿರು ರೆಕ್ಸಿನ್ ಹೊಲಿಯುತ್ತಿದ್ದರು. ಅವರನ್ನು ಇನ್ನೂ ಕಾಯಿಸಲು ಮನಸ್ಸಾಗಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ದುಂಡಗಿನ ಅಂಕಿಯಲ್ಲಿ 4.16 ಎಂದು ಬರೆದುಬಿಟ್ಟೆ.

ಜೋಡಿಸುವ ಮುನ್ನ ಅವರು ಎಲ್ಲವನ್ನೂ ತಾವೇ ಮತ್ತೊಮ್ಮೆ ಅಳೆದರು. ಆ ಒಂದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು.

“ಬರವಣ್ಗೆ ಚೆಂದಾಗೈತೆ. ಬರ್ದಿರೋದು ಸುಳ್ಳು.”

“ನೀವು ಬೇಗ ಹೊರಗೆ ಹೋಗಲಿ ಅಂತ ಬರೆದೆ ಜವರಣ್ಣ.”

“ಸೇತುವೆ ಮಧ್ಯದಾಗೆ ನಿಂತೋದ್ರೆ ತಳ್ಳಾಕೆ ನೀವ್ ಬತ್ತೀರಾ?”

ನಾನು ಗೇಟಿನ ಕಡೆ ನೋಡಿದೆ. ಅವರೂ ನೋಡಿದರು. ಕೇಳಬಾರದ್ದನ್ನು ಕೇಳಿದೆ ಎಂದು ಅವರಿಗೆ ಅನ್ನಿಸಿತೇನೋ, “ಬುಡಿ ಅಕ್ಕಾವ್ರೆ, ಕಾಫಿ ಆರೋಯ್ತದೆ” ಎಂದರು.

ಇನ್ನೊಂದು ಸೆಲ್ ಸಿಕ್ಕಿ, ಅದರ ಹದಿನೈದು ದಿನವೂ ಮುಗಿಯುವಷ್ಟರಲ್ಲಿ ತಿಂಗಳು ಕಳೆಯಿತು. ಒಂದು ಬೆಳಿಗ್ಗೆ, ಯಾರ ಕೈಯನ್ನೂ ಹಿಡಿಯದೆ, ಸೀಟಿಗೆ ಆನಿಸಿಟ್ಟ ಹಲಗೆಯ ಮೇಲಿಂದ ತಾವೇ ಜಾರಿ ಕೂತರು. “ಬತ್ತೀನಿ ಅಕ್ಕಾವ್ರೆ” ಎಂದು ಹೊರಟೇಬಿಟ್ಟರು. ನಾನು ಮಹಡಿಗೆ ಓಡಿದೆ. ಸೇತುವೆಯ ಮೇಲೆ ಗಾಡಿ ಎಲ್ಲೂ ನಿಲ್ಲಲಿಲ್ಲ. ಆಚೆ ದಡದ ಬಸ್ಸುಗಳ ನಡುವೆ ಸೇರಿ ಕಾಣದಾಯಿತು. ಆಮೇಲೆ ಅವರು ಅಲ್ಲೇ ಅಂಗಡಿ ಇಟ್ಟರಂತೆ. ನಾನು ನೋಡಿಲ್ಲ; ಆ ಕಡೆ ಹೋಗುವ ಕೆಲಸ ನನಗೆ ಬೀಳಲೇ ಇಲ್ಲ.

ಅವತ್ತು ಕೆಳಗಿನಿಂದ ಅತ್ತೆ ಕೂಗಿದರು, “ಮಹಡಿ ಮೇಲೆ ಏನೇ ಮಾಡ್ತಿದೀಯಾ?”

“ಹಪ್ಪಳ ತಿರುವಿ ಹಾಕ್ತಿದೀನಿ ಅತ್ತೆ” ಎಂದೆ.

ನಾವು ಆ ವರ್ಷ ಹಪ್ಪಳವನ್ನೇ ಒತ್ತಿರಲಿಲ್ಲ.